ಕೋಟೆಯೊಳಗಿನ ಹುನ್ನಾರ: ಡ್ವಾರ್ಫ್ ಫೋರ್ಟ್ರೆಸ್‌ನಲ್ಲಿ ಒಳಸಂಚನ್ನು ಹಿಡಿಯುವ ಸಮಗ್ರ ಮಾರ್ಗದರ್ಶಿ

ಡ್ವಾರ್ಫ್ ಫೋರ್ಟ್ರೆಸ್ ಎಂಬುದು ಕುಬ್ಜರ ಕೋಟೆಯೊಂದನ್ನು ಕಟ್ಟಿ ನಡೆಸುವ ಕಂಪ್ಯೂಟರ್ ಆಟ. ನನ್ನ ಕೋಟೆಯಲ್ಲಿ ಆಗ 82 ಕುಬ್ಜರಿದ್ದರು. ಶರತ್ಕಾಲದ ವ್ಯಾಪಾರಿಗಳು ಬಂದು ಹೋಗಿದ್ದರು, ಉಗ್ರಾಣ ತುಂಬಿತ್ತು, ಗೋಡೆಯಾಚೆ ದಾಳಿಗೆ ಬರುವ ಒಬ್ಬ ಗಾಬ್ಲಿನ್ ಕೂಡ ಕಾಣುತ್ತಿರಲಿಲ್ಲ. ಅಂಥ ನೆಮ್ಮದಿಯ ಹೊತ್ತಿನಲ್ಲೇ ಪರದೆಯ ಮೇಲೆ ಒಂದು ಸಾಲು ಮೂಡಿತು: ಬೆಳ್ಳಿಯ ಕಿರೀಟ ಇರಬೇಕಾದ ಜಾಗದಲ್ಲಿಲ್ಲ. ಮೂರು ವರ್ಷದ ಹಿಂದೆ ಅಕ್ಕಸಾಲಿಗನೊಬ್ಬ ವಿಚಿತ್ರ ಆವೇಶಕ್ಕೆ ಒಳಗಾಗಿ, ಕಾರ್ಯಾಗಾರದ ಬಾಗಿಲು ಹಾಕಿಕೊಂಡು, ಅನ್ನ ನೀರು ಬಿಟ್ಟು ಮಾಡಿದ ಕಿರೀಟ ಅದು. ಊಟದ ಸಾಲೆಯ ಮೂಲೆಯಲ್ಲಿ ಪೀಠದ ಮೇಲೆ ಇಟ್ಟಿದ್ದೆ. ಅದರ ಪಕ್ಕದ ಕುಲುಮೆಯಲ್ಲಿ ಒಬ್ಬ ಗಾಜಿನ ಕೆಲಸಗಾರ ದುಡಿಯುತ್ತಿದ್ದ. ಹತ್ತಿರ ಇದ್ದವನು ಅವನೇ ಎಂಬ ಒಂದೇ ಕಾರಣಕ್ಕೆ ಅವನನ್ನು ಅಪರಾಧಿ ಎಂದು ಘೋಷಿಸಿದೆ. ಏಟಿನ ಶಿಕ್ಷೆಯಾಯಿತು. ಕಾವಲು ದಳದವನ ಕೈ ಬಲವಾಗಿತ್ತು, ಗಾಜಿನ ಕೆಲಸಗಾರ ಬದುಕಲಿಲ್ಲ. ಕಿರೀಟವೂ ಸಿಗಲಿಲ್ಲ.

ಆ ತಪ್ಪಿನ ಬಳಿಕ ಈ ಆಟದ ರಾಜಕೀಯವನ್ನು ಮೊದಲಿನಿಂದ ಕಲಿತೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಡ್ವಾರ್ಫ್ ಫೋರ್ಟ್ರೆಸ್ ಆಡುವವರು ಗೋಡೆ ಕಟ್ಟುವುದನ್ನು, ಬಲೆ ಹೂಡುವುದನ್ನು, ಸೈನ್ಯ ತಯಾರಿಸುವುದನ್ನು ಬೇಗ ಕಲಿಯುತ್ತಾರೆ. ಒಳಸಂಚನ್ನು ಮಾತ್ರ ಅದೃಷ್ಟಕ್ಕೆ ಬಿಟ್ಟುಬಿಡುತ್ತಾರೆ. ಅದು ಅದೃಷ್ಟದ ವಿಷಯವಲ್ಲ. ಅದಕ್ಕೂ ಲೆಕ್ಕವಿದೆ, ಕೌಶಲವಿದೆ, ತಡೆಯುವ ದಾರಿಯೂ ಇದೆ.

ಆಟದ ಹಿನ್ನೆಲೆ, ಚುಟುಕಾಗಿ

ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2002ರಲ್ಲಿ ಕೈಹಚ್ಚಿದ ಆಟ ಇದು. ಮೊದಲ ಆವೃತ್ತಿ ಜನರ ಕೈಗೆ ಬಂದದ್ದು 2006ರ ಆಗಸ್ಟ್‌ನಲ್ಲಿ. ಚಿತ್ರಗಳಿರುವ, ಮೌಸ್‌ನಿಂದ ಆಡಬಹುದಾದ ಆವೃತ್ತಿಯನ್ನು ಕಿಟ್‌ಫಾಕ್ಸ್ ಗೇಮ್ಸ್ 2022ರ ಡಿಸೆಂಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ತಂದಿತು. ಅಕ್ಷರಗಳಲ್ಲೇ ಆಡುವ ಹಳೆಯ ರೂಪ ಬೇ 12 ಗೇಮ್ಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಖಳನಾಯಕರು, ಅವರ ಗುಪ್ತಚರ ಜಾಲ, ವಿಚಾರಣೆ, ಸಂಚಿನ ಸುಳಿವುಗಳೆಲ್ಲ ಸೇರುವ ಪ್ರತಿಗುಪ್ತಚರ ಪರದೆ (‘ಕೌಂಟರ್‌ಇಂಟೆಲಿಜೆನ್ಸ್’) ಇವೆಲ್ಲ ಸೇರಿದ್ದು 2020ರ ಜನವರಿಯಲ್ಲಿ ಬಂದ 0.47 ಆವೃತ್ತಿಯಲ್ಲಿ.

ಆಟ ಶುರುವಾಗುವ ಮುನ್ನವೇ ಕಂಪ್ಯೂಟರ್ ಒಂದು ಜಗತ್ತನ್ನೂ ಅದರ ಇತಿಹಾಸವನ್ನೂ ಹೆಣೆಯುತ್ತದೆ. ರಾಜ್ಯಗಳು ಏಳುತ್ತವೆ, ಬೀಳುತ್ತವೆ. ಯಾರೋ ಯಾರ ಮೇಲೋ ಹಗೆ ಸಾಧಿಸುತ್ತಾರೆ. ನೀವು ಏಳು ಮಂದಿಯನ್ನು ಕರೆದುಕೊಂಡು ಬೆಟ್ಟದ ಬುಡಕ್ಕೆ ಬಂದು ಇಳಿಯುವ ಹೊತ್ತಿಗೆ, ನಿಮ್ಮ ಕೋಟೆಗೆ ಮುಂದೊಂದು ದಿನ ಕಣ್ಣು ಹಾಕಲಿರುವ ಖಳ ಎಲ್ಲೋ ದೂರದ ಊರಿನಲ್ಲಿ ತನ್ನ ಜಾಲವನ್ನು ನೇಯುತ್ತ ಕುಳಿತಿರುತ್ತಾನೆ. ಅವನು ತಾನಾಗಿ ನಿಮ್ಮ ಬಾಗಿಲಿಗೆ ಬರುವುದು ಅಪರೂಪ. ಅವನ ಕೈಕೆಳಗಿನವರು ಬರುತ್ತಾರೆ.

‘ಇಂಟ್ರೀಗರ್’ ಎಂಬ ಕೌಶಲ

ಯಾವುದೇ ಕುಬ್ಜನ ಮೇಲೆ ಕ್ಲಿಕ್ ಮಾಡಿ, ‘ಸ್ಕಿಲ್ಸ್’ ಪುಟದಲ್ಲಿ ‘ಸೋಷಿಯಲ್’ ವಿಭಾಗಕ್ಕೆ ಹೋಗಿ. ಮಾತುಗಾರಿಕೆ, ಹೊಗಳಿಕೆ, ಸುಳ್ಳು, ಬೆದರಿಕೆ, ಸಮಾಧಾನ ಹೇಳುವುದು, ಎದುರಿನವರ ಇಂಗಿತ ಅರಿಯುವುದು ಇವೆಲ್ಲ ಬೇರೆ ಬೇರೆ ಕೌಶಲಗಳಾಗಿ ಎಣಿಕೆಯಾಗುವ ಜಾಗ ಅದು. ‘ಇಂಟ್ರೀಗರ್’ ಎಂಬ ಒಳಸಂಚಿನ ಕೌಶಲವೂ ಈ ಕುಟುಂಬದ್ದೇ. ಗಣಿ ಕೆಲಸವನ್ನೋ ಕಮ್ಮಾರಿಕೆಯನ್ನೋ ಹಚ್ಚುವಂತೆ ಇದನ್ನು ಯಾರಿಗೂ ಹಚ್ಚಲು ಬರುವುದಿಲ್ಲ. ಬದುಕಿನಲ್ಲಿ ಮಾಡಿದವರಿಗೆ ಮಾತ್ರ ಬರುತ್ತದೆ. ಹಾಗಾಗಿ ಇದು ಹೆಚ್ಚಾಗಿ ಕಾಣುವುದು ಹೊರಗಿನವರಲ್ಲಿ, ಇತಿಹಾಸದುದ್ದಕ್ಕೂ ಸಂಚು ಮಾಡುತ್ತ ಬಂದವರಲ್ಲಿ.

ಆಟದ ಎಲ್ಲ ಕೌಶಲಗಳ ಏಣಿಯೂ ಒಂದೇ. ಮೊದಲ ಮೆಟ್ಟಿಲಿಗೆ 500 ಅನುಭವಾಂಕ ಬೇಕು, ಮುಂದಿನದಕ್ಕೆ 600, ಅದರ ಮುಂದಿನದಕ್ಕೆ 700, ಹೀಗೆ ನೂರು ನೂರಾಗಿ ಏರುತ್ತದೆ. ‘ಲೆಜೆಂಡರಿ’ ಎನ್ನುವ ತುತ್ತತುದಿ ಮುಟ್ಟಲು ಒಟ್ಟು 18,000. ಇದನ್ನು ಹೇಳುವುದು ಯಾಕೆಂದರೆ, ಒಬ್ಬ ಪಳಗಿದ ಸಂಚುಗಾರನಿಗೆ ಎದುರಾಗಿ ನಿನ್ನೆ ನೇಮಕವಾದ ಶೆರಿಫ್‌ನನ್ನು, ಅಂದರೆ ವಿಚಾರಣೆ ಮಾಡುವ ಅಧಿಕಾರಿಯನ್ನು, ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಈ ಅಂಕಿಗಳಲ್ಲೇ ಗೊತ್ತಾಗುತ್ತದೆ. ತಯಾರಿಗೆ ವರ್ಷಗಳು ಬೇಕು, ಆದ್ದರಿಂದ ಬೇಗ ಶುರು ಮಾಡಬೇಕು.

ಒಬ್ಬ ಕುಬ್ಜ ಬಲೆಗೆ ಬೀಳುವುದು ಹೇಗೆ

ಇಡೀ ವಿಷಯದ ತಿರುಳು ಇಲ್ಲಿದೆ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ.

ಸಂಚುಗಾರ ತನ್ನ ಗುರಿಯನ್ನು ಭೇಟಿಯಾಗಿ ಮಾತಿಗೆ ಎಳೆಯುತ್ತಾನೆ. ಅವನ ಬತ್ತಳಿಕೆಯಲ್ಲಿ ಎಂಟು ಬಾಣಗಳಿವೆ: ಬೆದರಿಕೆ, ಹೊಗಳಿಕೆ, ಲಂಚ, ಪದವಿಯ ದರ್ಪ, ಹಣ ನುಂಗಿದ ಗುಟ್ಟನ್ನು ಹೊರಹಾಕುವೆನೆಂಬ ಬ್ಲ್ಯಾಕ್‌ಮೇಲ್, ಒಂದೇ ದೇವರ ಭಕ್ತರು ನಾವು ಎಂಬ ಮಾತು, ಹಗೆಯವನ ಮೇಲೆ ಸೇಡು ತೀರಿಸಿಕೊಡುವ ಆಸೆ, ಕೊನೆಯದಾಗಿ ಸಾವಿಲ್ಲದ ಬಾಳಿನ ಆಮಿಷ. ಕೊನೆಯದು ಕೇಳಲು ಅತಿಯೆನಿಸಬಹುದು. ಆದರೆ ಜೀವ ಮತ್ತು ಸಾವಿನ ರಹಸ್ಯ ಕಲಿತ ಮಾಟಗಾರರು ಈ ಜಗತ್ತಿನಲ್ಲಿ ನಿಜಕ್ಕೂ ಇದ್ದಾರೆ, ಅವರಿಗೆ ಮುಪ್ಪಿಲ್ಲ. ಅಂಥವನ ಬಾಯಿಂದ ಈ ಮಾತು ಬಂದರೆ ಅದು ಬರಿ ಮಾತಲ್ಲ.

ಸಾಮ, ದಾನ, ಭೇದ, ದಂಡ ಎಂದು ಕೇಳುತ್ತ ಬೆಳೆದ ನಮಗೆ ಈ ಪಟ್ಟಿ ಹೊಸದೆನಿಸುವುದಿಲ್ಲ. ಹೊಗಳಿಕೆ ಮತ್ತು ದೇವರ ಮಾತು ಸಾಮ. ಲಂಚ ಮತ್ತು ಅಮರತ್ವ ದಾನ. ಸೇಡಿನ ಆಸೆ ಭೇದ. ಬೆದರಿಕೆ, ದರ್ಪ, ಬ್ಲ್ಯಾಕ್‌ಮೇಲ್ ದಂಡ. ನಾನು ಪ್ರತಿ ಪ್ರಕರಣವನ್ನೂ ಈ ನಾಲ್ಕರಲ್ಲಿ ಯಾವುದಕ್ಕೆ ಸೇರಿದ್ದೆಂದು ಕೇಳಿಕೊಂಡೇ ಶುರು ಮಾಡುತ್ತೇನೆ. ಉತ್ತರ ಸಿಕ್ಕರೆ ಯಾರನ್ನು ಮೊದಲು ಕರೆಸಬೇಕೆಂಬುದೂ ಸಿಗುತ್ತದೆ.

ಬಾಣ ತಗಲುತ್ತದೋ ಇಲ್ಲವೋ ಎಂಬುದನ್ನು ಮೂರು ಸಂಗತಿಗಳು ತೂಗುತ್ತವೆ. ಮೊದಲನೆಯದು ಗುರಿಯಾದವನ ಸ್ವಭಾವ. ಪ್ರತಿ ಕುಬ್ಜನಿಗೂ ದುರಾಸೆ, ಸೇಡಿನ ಬುದ್ಧಿ, ಅಂಜಿಕೆ, ಒಣಹೆಮ್ಮೆ ಮುಂತಾದ 50 ಗುಣಗಳಿದ್ದು, ಒಂದೊಂದನ್ನೂ 0ಯಿಂದ 100ರವರೆಗೆ ಅಳೆಯಲಾಗುತ್ತದೆ. ಎರಡನೆಯದು ಅವನು ನಂಬಿದ ಮೌಲ್ಯಗಳು: ಕಾನೂನು, ನಿಷ್ಠೆ, ಕುಟುಂಬ, ಸತ್ಯ, ಚಾಣಾಕ್ಷತನ, ಅಧಿಕಾರ. ಇವುಗಳ ಅಳತೆ ಋಣ 50ರಿಂದ ಧನ 50. ಮೂರನೆಯದು ಬಂದವನೊಡನೆ ಅವನಿಗಿರುವ ನಂಟು: ಪ್ರೀತಿ, ಗೌರವ, ನಂಬಿಕೆ, ನಿಷ್ಠೆ, ಭಯ. ಸಂಚುಗಾರ ಗುರಿಯ ಮನಸ್ಸನ್ನು ಸರಿಯಾಗಿ ಓದಿದರೆ ಸರಿಯಾದ ಬಾಣ ಹೂಡುತ್ತಾನೆ. ತಪ್ಪಾಗಿ ಓದಿದರೆ ಧನದಾಸೆಯೇ ಇಲ್ಲದವನ ಮುಂದೆ ಲಂಚದ ಚೀಲ ಬಿಚ್ಚುತ್ತಾನೆ, ಮಾತು ಮುರಿದುಬೀಳುತ್ತದೆ.

‘ಪರ್ಸನಾಲಿಟಿ’ ಪುಟ ಓದುವಾಗ ಒಂದು ಸೂಕ್ಷ್ಮ ನೆನಪಿರಲಿ. ಅಲ್ಲಿ ಬರೆದಿರುವುದು ಎದ್ದುಕಾಣುವ ಗುಣಗಳನ್ನು ಮಾತ್ರ. ದುರಾಸೆಯ ಬಗ್ಗೆ ಒಂದು ಮಾತೂ ಇಲ್ಲವೆಂದರೆ ಅವನು ಎಲ್ಲರಂತೆ ನಡುಮಟ್ಟದವನು ಎಂದರ್ಥ, ದುರಾಸೆ ಇಲ್ಲದವನು ಎಂದಲ್ಲ.

ಮೊದಲ ಹೆಜ್ಜೆ: ವಿಚಾರಣೆ ಮಾಡುವವನನ್ನು ತಯಾರಿಸಿ

ನ್ಯಾಯದ ಕೆಲಸ ಮಾಡುವವನು ಆರಂಭದಲ್ಲಿ ಶೆರಿಫ್. ಜನಸಂಖ್ಯೆ 50 ದಾಟಿದ ಮೇಲೆ ಆ ಜಾಗಕ್ಕೆ ಕಾವಲು ದಳದ ನಾಯಕ ಬರುತ್ತಾನೆ. ಇಬ್ಬರಲ್ಲಿ ಒಬ್ಬನೂ ಇಲ್ಲದಿದ್ದರೆ ಕೋಟೆಯಲ್ಲಿ ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಬಹಳ ಜನ ಆಟಗಾರರು ಅತ್ಯಂತ ಬಲಶಾಲಿ ಕೊಡಲಿಕಾರನನ್ನು ಈ ಹುದ್ದೆಗೆ ಕೂರಿಸುತ್ತಾರೆ. ನನ್ನ ಮಟ್ಟಿಗೆ ಅದು ಎರಡು ಪಟ್ಟು ತಪ್ಪು. ವಿಚಾರಣೆಗೆ ಬೇಕಾದದ್ದು ತೋಳ್ಬಲವಲ್ಲ, ಎದುರಿನವರ ಮನಸ್ಸು ಓದುವ ಕಣ್ಣು. ಇನ್ನು ಏಟಿನ ಶಿಕ್ಷೆ ಕೊಡಬೇಕಾಗಿ ಬಂದಾಗ, ಆ ಬಲವೇ ಸಣ್ಣ ತಪ್ಪಿಗೆ ಪ್ರಾಣ ತೆಗೆಯುತ್ತದೆ.

ನಾನು ಮಾಡುವುದು ಹೀಗೆ. ಮೊದಲ ವರ್ಷದಲ್ಲೇ ಶಾಂತ ಸ್ವಭಾವದ, ಕಾನೂನು ಮತ್ತು ಸತ್ಯಕ್ಕೆ ಬೆಲೆ ಕೊಡುವ ಒಬ್ಬನನ್ನು ಹುಡುಕಿ ವ್ಯಾಪಾರದ ದಲ್ಲಾಳಿಯಾಗಿ ನೇಮಿಸುತ್ತೇನೆ. ವಸಂತದಲ್ಲಿ ಎಲ್ಫ್ ಎಂಬ ಕಾಡಿನ ಜನ, ಬೇಸಿಗೆಯಲ್ಲಿ ಮನುಷ್ಯರು, ಶರತ್ಕಾಲದಲ್ಲಿ ಕುಬ್ಜರು ಸರಕು ತರುತ್ತಾರೆ. ಪ್ರತಿ ಚೌಕಾಸಿಯಲ್ಲೂ ದಲ್ಲಾಳಿಯ ಇಂಗಿತ ಅರಿಯುವ ಕೌಶಲ ಬೆಳೆಯುತ್ತದೆ. ಕೋಟೆ 50 ಮುಟ್ಟುವ ಹೊತ್ತಿಗೆ ಅವನು ಹತ್ತಾರು ವ್ಯಾಪಾರಿಗಳ ಮುಖ ಓದಿರುತ್ತಾನೆ. ಆಗ ದಲ್ಲಾಳಿತನವನ್ನು ಇನ್ನೊಬ್ಬನಿಗೆ ಕೊಟ್ಟು ಅವನನ್ನು ಕಾವಲು ದಳದ ನಾಯಕನನ್ನಾಗಿ ಮಾಡುತ್ತೇನೆ. ಸಂತೆಯಲ್ಲಿ ಪಳಗಿದ ಕಣ್ಣು ವಿಚಾರಣೆಯ ಕೋಣೆಯಲ್ಲಿ ಕೆಲಸಕ್ಕೆ ಬರುತ್ತದೆ.

ಅವನಿಗೆ ಒಂದು ಕಚೇರಿ ಕೊಡಿ. ಬೇರೆ ಕೆಲಸಗಳನ್ನೆಲ್ಲ ಅವನ ಹೆಗಲಿನಿಂದ ಇಳಿಸಿ. ಕಲ್ಲು ಹೊರುತ್ತಿರುವ ನಾಯಕ ವಿಚಾರಣೆಗೆ ತಡವಾಗಿ ಬರುತ್ತಾನೆ, ಅಷ್ಟರಲ್ಲಿ ಕರೆಸಿದ ಅತಿಥಿ ಊರು ಬಿಟ್ಟಿರುತ್ತಾನೆ.

ಎರಡನೆಯ ಹೆಜ್ಜೆ: ಬಾಗಿಲು ಯಾರಿಗೆ ತೆರೆದಿದೆ ಎಂದು ನೋಡಿ

ಸಂಚುಗಾರ ಕೋಟೆಗೆ ಬರುವುದು ಹಾಡುಗಾರನಾಗಿ, ವಿದ್ವಾಂಸನಾಗಿ, ಬಾಡಿಗೆ ಸೈನಿಕನಾಗಿ. ಹೆಸರೂ ಸುಳ್ಳಾಗಿರಬಹುದು. ಅವನನ್ನು ಸೆಳೆಯುವುದು ನಿಮ್ಮ ಹೆಂಡದ ಸಾಲೆ, ಗುಡಿ, ಗ್ರಂಥಾಲಯ. ಇಂಥ ಪ್ರತಿ ಜಾಗಕ್ಕೂ ಪ್ರವೇಶದ ನಿಯಮ ಇದೆ: ಎಲ್ಲರಿಗೂ, ದೀರ್ಘಕಾಲದ ನಿವಾಸಿಗಳಿಗೆ, ನಾಗರಿಕರಿಗೆ ಮಾತ್ರ. ಎಲ್ಲವನ್ನೂ ನಾಗರಿಕರಿಗೆ ಮಾತ್ರ ಎಂದು ಮುಚ್ಚಿದರೆ ಪಿತೂರಿಯ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ. ಆದರೆ ಹೊಸ ಹಾಡು, ಹೊಸ ಕುಣಿತ, ಹೊಸ ಪುಸ್ತಕ, ದೂರದ ಊರಿನ ಸುದ್ದಿ ಇವೆಲ್ಲ ನಿಲ್ಲುತ್ತವೆ. ಅಂಥ ಕೋಟೆಯಲ್ಲಿ ಆಡಲು ನನಗೆ ಮನಸ್ಸು ಬರುವುದಿಲ್ಲ.

ನಡುವಿನ ದಾರಿ ಒಂದಿದೆ. ಎರಡು ಹೆಂಡದ ಸಾಲೆ ಕಟ್ಟಿ. ಒಂದು ಹೆಬ್ಬಾಗಿಲ ಹತ್ತಿರ, ಎಲ್ಲರಿಗೂ ತೆರೆದದ್ದು. ಇನ್ನೊಂದು ಕೋಟೆಯ ಒಳಗೆ, ನಾಗರಿಕರಿಗೆ ಮಾತ್ರ. ಬೆಲೆಬಾಳುವ ವಸ್ತುಗಳು, ಮುಖ್ಯಸ್ಥರ ಮನೆಗಳು ಒಳಗಿನದರ ಸುತ್ತ ಇರಲಿ. ಆಟದ ಸೆಟ್ಟಿಂಗ್‌ನಲ್ಲಿ ಅತಿಥಿಗಳ ಗರಿಷ್ಠ ಸಂಖ್ಯೆಯನ್ನೂ ಇಳಿಸಬಹುದು. ಹದಿನೈದು ಇಪ್ಪತ್ತು ಅತಿಥಿಗಳಿದ್ದರೆ ಒಬ್ಬೊಬ್ಬರನ್ನೂ ನೋಡಿ ಗುರುತಿಟ್ಟುಕೊಳ್ಳಬಹುದು, ನೂರು ಮಂದಿಯಾದರೆ ಸಾಧ್ಯವಿಲ್ಲ.

ಇಲ್ಲಿಯೇ ನೆಲೆಸುತ್ತೇವೆ ಎಂದು ಅರ್ಜಿ ಹಾಕುವ ಅತಿಥಿಗಳನ್ನು ತಕ್ಷಣ ಒಪ್ಪಿಕೊಳ್ಳಬೇಡಿ. ಅರ್ಜಿ ಬಂದ ದಿನವೇ ಅವರ ‘ಸ್ಕಿಲ್ಸ್’ ಪುಟ ತೆರೆದು ನೋಡಿ. ವೀಣೆಗಾರ ಎಂದು ಹೇಳಿಕೊಂಡವನಲ್ಲಿ ಸಂಗೀತಕ್ಕಿಂತ ಸುಳ್ಳು, ಹೊಗಳಿಕೆ, ಸಂಚು ಇವೇ ಹೆಚ್ಚು ಬೆಳೆದಿದ್ದರೆ ನನ್ನ ಉತ್ತರ ಇಲ್ಲ ಎಂದೇ.

ಮೂರನೆಯ ಹೆಜ್ಜೆ: ವಸ್ತುವನ್ನು ನಾಲ್ಕು ಜನರ ಕಣ್ಣೆದುರು ಇಡಿ

ಕೋಟೆಯಲ್ಲಿ ಪಿತೂರಿಯ ಗುರಿ ಬಹುಪಾಲು ನನ್ನ ಕಿರೀಟದಂಥ ಕಲಾಕೃತಿ. ಅದನ್ನು ಗೋಡೆ ಕಟ್ಟಿ ಮುಚ್ಚಿದರೆ ಯಾರೂ ಕದಿಯಲಾರರು, ಯಾರೂ ನೋಡಿ ಸಂತೋಷಪಡಲಾರರು ಕೂಡ. ಕುಬ್ಜರು ಹಾದುಹೋಗುವಾಗ ಒಳ್ಳೆಯ ವಸ್ತುವನ್ನು ಕಂಡು ನಿಜಕ್ಕೂ ಸಂತೋಷಪಡುತ್ತಾರೆ, ಅದು ಅವರ ಮನಸ್ಥಿತಿಯಲ್ಲಿ ದಾಖಲಾಗುತ್ತದೆ. ಆದ್ದರಿಂದ ಪೀಠವನ್ನು ಮೂಲೆಯಲ್ಲಿ ಇಡದೆ ಊಟದ ಸಾಲೆಯ ನಟ್ಟನಡುವೆ ಇಡಿ. ಅಪರಾಧ ಬೆಳಕಿಗೆ ಬರುವುದು ಕಂಡವರು ಹೇಳಿದಾಗ. ಕಾಣುವ ಕಣ್ಣುಗಳು ಹೆಚ್ಚಿದ್ದಷ್ಟೂ ನಿಮಗೆ ಸಾಕ್ಷಿ ಸಿಗುವ ಸಂಭವ ಹೆಚ್ಚು. ನನ್ನ ಕಿರೀಟ ಮೂಲೆಯಲ್ಲಿತ್ತು, ಕದ್ದದ್ದನ್ನು ಕಂಡವರು ಒಬ್ಬರೂ ಇರಲಿಲ್ಲ.

ಹೊರಗೆ ಹೋಗುವ ದಾರಿ ಒಂದೇ ಇರಲಿ, ಅದಕ್ಕೆ ಎತ್ತುವ ಸೇತುವೆ ಇರಲಿ. ಕಳವಿನ ಸೂಚನೆ ಬಂದ ಕ್ಷಣ ಸ್ಪೇಸ್ ಒತ್ತಿ ಆಟ ನಿಲ್ಲಿಸಿ, ಸನ್ನೆಗೋಲು ಎಳೆಯಲು ಹೇಳಿ, ಆಮೇಲೆ ಆಟ ಮುಂದುವರಿಸಿ. ಸನ್ನೆ ಎಳೆದ ಮೇಲೂ ಸೇತುವೆ ಏಳಲು 100 ‘ಟಿಕ್’ (ಆಟದ ಅತಿ ಚಿಕ್ಕ ಕಾಲದ ಅಳತೆ) ಹಿಡಿಯುತ್ತದೆ. ಆಟದ ಒಂದು ದಿನಕ್ಕೆ ಅಂಥವು 1,200. ಕದ್ದವನು ಓಡುವುದಿಲ್ಲ, ವಸ್ತುವನ್ನು ಹೊರಗಿನವನ ಕೈಗೆ ದಾಟಿಸುತ್ತಾನೆ, ಅವನು ಸಾಮಾನ್ಯ ಅತಿಥಿಯಂತೆ ನಡೆದು ಹೋಗುತ್ತಾನೆ. ಸನ್ನೆಗೋಲಿನ ಹತ್ತಿರ ಯಾವಾಗಲೂ ಒಬ್ಬರಿದ್ದರೆ ಸೇತುವೆ ಅವನಿಗಿಂತ ಮೊದಲು ಏಳುತ್ತದೆ.

ನಾಲ್ಕನೆಯ ಹೆಜ್ಜೆ: ನಿಮ್ಮವರ ನೋವನ್ನು ನೀವೇ ಮೊದಲು ತಿಳಿಯಿರಿ

ಈ ಹೆಜ್ಜೆಗೆ ನಾನು ಉಳಿದೆಲ್ಲದಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಆಟದ ವರ್ಷಕ್ಕೊಮ್ಮೆ, ಚಳಿಗಾಲ ಶುರುವಾದಾಗ, ಆಟ ನಿಲ್ಲಿಸಿ ಎಲ್ಲರ ಪುಟಗಳನ್ನೂ ಒಂದು ಸುತ್ತು ಓದುತ್ತೇನೆ. 80 ಜನರ ಕೋಟೆಗೆ ಒಂದು ಸಂಜೆ ಸಾಕು.

‘ರಿಲೇಷನ್ಸ್’ ಪುಟದಲ್ಲಿ ಹಗೆ ಎಂದು ದಾಖಲಾದ ಸಂಬಂಧಗಳನ್ನು ನೋಡಿ. ಸೇಡಿನ ಆಸೆ ತೋರಿಸುವವನಿಗೆ ಇದೇ ಮೆತ್ತಗಿನ ನೆಲ. ಹಗೆಯವರಿಬ್ಬರೂ ಒಂದೇ ಕಾರ್ಯಾಗಾರದಲ್ಲಿ, ಒಂದೇ ಸೈನ್ಯದಲ್ಲಿ, ಅಕ್ಕಪಕ್ಕದ ಕೋಣೆಯಲ್ಲಿ ಇದ್ದರೆ ಬೇರೆ ಮಾಡಿ. ಅತಿಯಾದ ದುರಾಸೆಯವನಿಗೆ ಕಲಾಕೃತಿ ಇರುವ ಕಡೆ ಕೆಲಸ ಕೊಡಬೇಡಿ. ಗುಡಿಗಾಗಿ ಭಕ್ತರು ಅರ್ಜಿ ಕೊಟ್ಟಿದ್ದರೆ ಮುಂದೂಡಬೇಡಿ. ತನ್ನ ದೇವರಿಗೆ ಗುಡಿಯಿಲ್ಲ ಎಂಬ ಕೊರಗಿನವನ ಬಳಿ ಅದೇ ದೇವರ ಹೆಸರು ಹೇಳುತ್ತ ಬರುವ ಅಪರಿಚಿತನಿಗೆ ದಾರಿ ಯಾಕೆ ಮಾಡಿಕೊಡಬೇಕು? ಅತಿಥಿಯೊಬ್ಬ ಯಾರ ಗೆಳೆಯರ ಪಟ್ಟಿಯಲ್ಲಿ ಹೊಸದಾಗಿ ಸೇರಿದ್ದಾನೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಾನು ನೋಟ್‌ಪುಸ್ತಕದಲ್ಲಿ ಎರಡು ಕಂಬಸಾಲು ಹಾಕಿದ್ದೇನೆ: ಎಡಕ್ಕೆ ಅತಿಥಿ, ಬಲಕ್ಕೆ ಅವನ ಗೆಳೆತನಕ್ಕೆ ಬಿದ್ದ ನಮ್ಮವರು. ಒಂದೇ ಎಡ ಹೆಸರಿನ ಮುಂದೆ ನಾಲ್ಕು ಬಲ ಹೆಸರು ಬಂದರೆ ಎಚ್ಚರಗೊಳ್ಳುತ್ತೇನೆ.

ಐದನೆಯ ಹೆಜ್ಜೆ: ವಿಚಾರಣೆ

‘ಜಸ್ಟಿಸ್’ ಪರದೆಯಲ್ಲಿ ತೆರೆದಿರುವ, ಮುಗಿದ, ತಣ್ಣಗಾದ ಪ್ರಕರಣಗಳು ಬೇರೆ ಬೇರೆ ಪಟ್ಟಿಗಳಲ್ಲಿರುತ್ತವೆ. ಪ್ರಕರಣವನ್ನು ತೆರೆದರೆ ಯಾರನ್ನು ವಿಚಾರಿಸಬೇಕೆಂದು ಗುರುತು ಮಾಡಬಹುದು. ನಾಗರಿಕರನ್ನೂ, ಕೋಟೆಯೊಳಗಿರುವ ಅತಿಥಿಗಳನ್ನೂ. ನಾಯಕ ಅವರನ್ನು ಕಂಡು ಮಾತಾಡುತ್ತಾನೆ, ಮುಗಿದ ಮೇಲೆ ವರದಿ ಬರುತ್ತದೆ.

ಕರೆಸುವ ಕ್ರಮ ಮುಖ್ಯ. ಮೊದಲು ಅತಿಥಿಗಳು, ಏಕೆಂದರೆ ಅವರು ಹೊರಟುಹೋಗಬಹುದು. ನಿಮ್ಮ ನಾಗರಿಕರು ನಾಳೆಯೂ ಇರುತ್ತಾರೆ. ಅತಿಥಿಗಳಲ್ಲೂ ನೋಟ್‌ಪುಸ್ತಕದಲ್ಲಿ ಹೆಚ್ಚು ಗೆಳೆಯರನ್ನು ಮಾಡಿಕೊಂಡವನು ಮೊದಲು. ಆಮೇಲೆ ಅವನ ಗೆಳೆಯರು, ಒಬ್ಬೊಬ್ಬರಾಗಿ.

ಈಗ ಎಚ್ಚರಿಕೆಯ ಮಾತು. ವರದಿಯಲ್ಲಿ ಏನೂ ಹೊರಬರದಿದ್ದರೆ ಅದರಿಂದ ಎರಡರಲ್ಲಿ ಒಂದು ಅರ್ಥ ಮಾಡಿಕೊಳ್ಳಬಹುದು: ಅವನಿಗೆ ಏನೂ ಗೊತ್ತಿಲ್ಲ, ಇಲ್ಲವೇ ಬಾಯಿ ಬಿಡಲಿಲ್ಲ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೌನವನ್ನು ತಪ್ಪೊಪ್ಪಿಗೆ ಎಂದು ಓದಬೇಡಿ. ಅನುಮಾನ ಗಟ್ಟಿಯಿದ್ದರೆ ಮತ್ತೆ ಕರೆಸಿ. ನನ್ನ ಇನ್ನೊಂದು ಕೋಟೆಯಲ್ಲಿ ಹೆಂಡ ಕಾಯಿಸುವವಳೊಬ್ಬಳು ಎರಡು ಸಲ ಏನೂ ಹೇಳಲಿಲ್ಲ, ಮೂರನೆಯ ಸಲ ಒಂದು ಹೆಸರು ಹೇಳಿದಳು. ಆ ಹೆಸರಿನ ಅತಿಥಿ ಅವತ್ತು ಮೇಲಿನ ಸಾಲೆಯಲ್ಲಿ ಕುಳಿತು ಕತೆ ಹೇಳುತ್ತಿದ್ದ, ಸುತ್ತ ಆರು ಮಕ್ಕಳು ಕೂತು ಕೇಳುತ್ತಿದ್ದರು.

ಸಾಕ್ಷಿ ಹೇಳಿದ್ದೆಲ್ಲ ಸತ್ಯ ಎಂದೂ ಹಿಡಿಯಬೇಡಿ. ತನ್ನ ಮೇಲೆ ಬರುವ ಅಪವಾದವನ್ನು ಬೇರೆಯವರ ತಲೆಗೆ ಕಟ್ಟುವವರು ಇಲ್ಲೂ ಇದ್ದಾರೆ, ಅದರಲ್ಲೂ ರಕ್ತಪಿಪಾಸುಗಳು. ವ್ಯಾಂಪೈರ್ ಸುಳ್ಳು ಹೆಸರಿನಲ್ಲಿ ವಲಸಿಗನಾಗಿ ಬಂದು ಸೇರಿಕೊಳ್ಳುತ್ತದೆ, ಮಲಗಿದವರ ರಕ್ತ ಹೀರಿ ಕೊಲ್ಲುತ್ತದೆ. ಅದು ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಮಲಗುವುದಿಲ್ಲ. ರಕ್ತ ಬತ್ತಿದ ಶವ ಸಿಕ್ಕಿದರೆ ಯಾರು ಊಟಕ್ಕೆ ಬರುವುದೇ ಇಲ್ಲ ಎಂದು ನೋಡಿ, ‘ಗ್ರೂಪ್ಸ್’ ಪುಟದಲ್ಲಿ ಹಿಂದಿನ ಊರುಗಳ, ಸಂಘಗಳ ಪಟ್ಟಿ ಒಂದು ಆಯುಸ್ಸಿಗೆ ಮೀರಿ ಉದ್ದವಾಗಿರುವುದು ಯಾರದು ಎಂದು ನೋಡಿ.

ಆರನೆಯ ಹೆಜ್ಜೆ: ಜಾಲದ ಚಿತ್ರ ಓದುವುದು

ವಿಚಾರಣೆಯಲ್ಲಿ ಹೊರಬಂದ ಹೆಸರು, ಸಂಚು, ನಂಟು ಎಲ್ಲ ‘ಕೌಂಟರ್‌ಇಂಟೆಲಿಜೆನ್ಸ್’ ವಿಭಾಗದಲ್ಲಿ ಸೇರುತ್ತಾ ಹೋಗುತ್ತದೆ. ತುದಿಯಲ್ಲಿ ಯಜಮಾನ, ಅವನ ಕೆಳಗೆ ಆಳುಗಳನ್ನು ನಡೆಸುವವನು, ಅವನ ಕೆಳಗೆ ನಿಮ್ಮ ಕೋಟೆಯವನು. ಆರಂಭದಲ್ಲಿ ಕೆಳಗಿನ ಒಂದು ಕೊಂಡಿ ಮಾತ್ರ ಕಾಣುತ್ತದೆ. ಅವಸರ ಮಾಡದೆ ಅದನ್ನು ಹಿಡಿದು ಮೇಲಕ್ಕೆ ಹೋಗಿ. ನಿಮ್ಮವನನ್ನು ಶಿಕ್ಷಿಸಿ ಪ್ರಕರಣ ಮುಗಿಸಿದರೆ ನಡೆಸುವವನು ಮುಂದಿನ ವರ್ಷ ಇನ್ನೊಬ್ಬನನ್ನು ಹುಡುಕುತ್ತಾನೆ. ನಡೆಸುವವನು ಕೋಟೆಯಲ್ಲೇ ಇದ್ದರೆ ಅವನೇ ಮುಖ್ಯ. ತುದಿಯ ಯಜಮಾನ ಸಾಮಾನ್ಯವಾಗಿ ದೂರದಲ್ಲಿರುತ್ತಾನೆ, ಅವನ ಹೆಸರು ತಿಳಿದರೆ ಸಾಕು. ಮುಂದೆ ಬರುವ ಅತಿಥಿಗಳ ಊರು ಮತ್ತು ಸಂಘಗಳನ್ನು ಆ ಹೆಸರಿನೊಡನೆ ಹೋಲಿಸಬಹುದು.

ಏಳನೆಯ ಹೆಜ್ಜೆ: ತೀರ್ಪು ಮತ್ತು ಶಿಕ್ಷೆ

ತೀರ್ಪು ಕೊಡುವುದು ನೀವು. ಆಟ ನಿಮ್ಮನ್ನು ತಡೆಯುವುದಿಲ್ಲ, ಸಾಕ್ಷಿ ಇಲ್ಲದಿದ್ದರೂ ಯಾರನ್ನಾದರೂ ಅಪರಾಧಿ ಎನ್ನಬಹುದು. ಅದಕ್ಕೇ ನಾನು ಈಗ ಒಂದು ನಿಯಮ ಹಾಕಿಕೊಂಡಿದ್ದೇನೆ: ಪ್ರತಿಗುಪ್ತಚರ ಪರದೆಯಲ್ಲಿ ಹೆಸರು ಬಾರದವನಿಗೆ ಶಿಕ್ಷೆ ಇಲ್ಲ. ಪ್ರಕರಣ ತಣ್ಣಗಾದರೂ ಚಿಂತೆಯಿಲ್ಲ.

ಸೆರೆಮನೆಯನ್ನು ಅಪರಾಧ ನಡೆಯುವ ಮೊದಲೇ ಕಟ್ಟಿ. ಸರಪಳಿಗಳಿರುವ ಕೋಣೆಗೆ ‘ಡಂಜನ್’ ವಲಯ ಹಾಕಿದರಾಯಿತು. ಎಷ್ಟು ಬೇಕೆಂದು ‘ಜಸ್ಟಿಸ್’ ಪರದೆಯೇ ಹೇಳುತ್ತದೆ. ಪಂಜರಕ್ಕಿಂತ ಸರಪಳಿ ಒಳ್ಳೆಯದು, ಕಟ್ಟಿದವನು ಪಕ್ಕದ ಚೌಕಗಳಿಗೆ ಹೆಜ್ಜೆ ಇಡಬಹುದು. ಅಲ್ಲೊಂದು ಹಾಸಿಗೆ, ಮೇಜು, ಒಂದು ಚೆಂದದ ಪ್ರತಿಮೆ ಇಡಿ. ಶಿಕ್ಷೆ ಮುಗಿಸಿ ಬಂದವನು ಮತ್ತೆ ನಿಮ್ಮ ನಡುವೆಯೇ ಬದುಕಬೇಕಾದವನು. ಕಾವಲು ದಳಕ್ಕೆ ತೀರಾ ಬಲಿಷ್ಠರನ್ನು ಸೇರಿಸಬೇಡಿ. ಕೋಟೆ ದೊಡ್ಡದಾಗಿ ಸುತ್ತಿಗೆಯ ಶಿಕ್ಷೆ ಕೊಡುವ ಅಧಿಕಾರಿ ಬಂದ ಮೇಲೆ ಅವನ ಕೈಯಲ್ಲಿ ಯಾವ ಲೋಹವಿದೆ ಎಂದು ನೋಡಿ. ಬೆಳ್ಳಿಯ ಸುತ್ತಿಗೆ ಭಾರವಾದದ್ದು, ಒಂದೇ ಏಟು ಮೂಳೆ ಪುಡಿ ಮಾಡುತ್ತದೆ.

ಗಡೀಪಾರು ಎಂಬ ದಾರಿಯೂ ಇದೆ. ಸಂಸಾರಸ್ಥನನ್ನು ಹೊರಗೆ ಕಳಿಸಿದರೆ ಮನೆಮಂದಿಯೂ ಜೊತೆಗೆ ಹೋಗಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಅತಿಥಿಯನ್ನು ಸೈನ್ಯ ಬಿಟ್ಟು ಕೊಲ್ಲಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅವನ ಹಿಂದೆ ಒಂದು ರಾಜ್ಯವಿರುತ್ತದೆ, ಅವನನ್ನು ಗೆಳೆಯ ಎಂದುಕೊಂಡ ನಿಮ್ಮವರಿರುತ್ತಾರೆ.

ಕೊನೆಯ ಹೆಜ್ಜೆ: ಇತಿಹಾಸದ ಪುಟ ತೆರೆಯುವುದು

ಕೋಟೆಯ ಆಡಳಿತದಿಂದ ನಿವೃತ್ತರಾದ ಮೇಲೆ ಅದೇ ಜಗತ್ತನ್ನು ‘ಲೆಜೆಂಡ್ಸ್’ ವಿಧಾನದಲ್ಲಿ ತೆರೆಯಿರಿ. ಆಟದ ಉದ್ದಕ್ಕೂ ಮರೆಯಾಗಿದ್ದದ್ದೆಲ್ಲ ಅಲ್ಲಿ ಇಸವಿಸಹಿತ ಬರೆದಿರುತ್ತದೆ: ಯಾರು ಯಾರನ್ನು ಭೇಟಿಯಾದರು, ಯಾವ ಮಾತಿನಿಂದ ಸೆಳೆದರು, ಮನಸ್ಸನ್ನು ಸರಿಯಾಗಿ ಓದಿದರೋ ತಪ್ಪಾಗಿ ಓದಿದರೋ, ಗೆದ್ದರೋ ಸೋತರೋ. ಒಬ್ಬ ಹಾಡುಗಾರನ ಹೆಸರು ಹಿಡಿದು ಹೊರಟರೆ ಅವನ ಯಜಮಾನನವರೆಗೂ ಹೋಗಬಹುದು. ಒಳಸಂಚು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸೋತ ಪ್ರಯತ್ನಗಳನ್ನು ತಪ್ಪದೆ ಓದಿ. ಯಾವ ಸ್ವಭಾವ ಯಾವ ಬಾಣವನ್ನು ತಡೆಯಿತು ಎಂಬುದು ಅವುಗಳಲ್ಲಿ ಸಿಗುತ್ತದೆ, ಮುಂದಿನ ಕೋಟೆಯಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಅದೇ ಆಧಾರ.

ಆ 82 ಜನರ ಕೋಟೆಯ ಇತಿಹಾಸವನ್ನು ನಾನೂ ಹಾಗೆಯೇ ತೆರೆದೆ. ಕಿರೀಟ ತೆಗೆದುಕೊಟ್ಟವನು ಹೆಂಡದ ಸಾಲೆಯ ಮೇಲ್ವಿಚಾರಕ, ಸೆಳೆದದ್ದು ಕೊಳಲು ನುಡಿಸುವ ಅತಿಥಿ. ಗಾಜಿನ ಕೆಲಸಗಾರನ ಪುಟವನ್ನೂ ತೆರೆದೆ. ಹುಟ್ಟು, ವಲಸೆ, ಮದುವೆ, ಎರಡು ಮಕ್ಕಳು. ಅವನು ಸತ್ತ ವರ್ಷದ ವಸಂತದಲ್ಲಿ ಒಂದು ನಮೂದು ಇತ್ತು. ಅದೇ ಕೊಳಲಿನವನು ಮೊದಲು ಹೋದದ್ದು ಅವನ ಬಳಿಗೆ, ಲಂಚದೊಂದಿಗೆ. ಅವನು ಒಪ್ಪಿರಲಿಲ್ಲ.